ಅಲ್ಸೇಸ್ ಮೂಲದ ಪೂರ್ವಜರು: ದಾಖಲೆಯ ಭಾಷೆ ಮನೆಮಾತಲ್ಲ

ಅಮೆರಿಕದ ಹಳೆಯ ಜನಗಣತಿ ಹಾಳೆಗಳಲ್ಲಿ ಒಬ್ಬನೇ ವ್ಯಕ್ತಿಯ ಜನ್ಮಸ್ಥಳ 1870ರಲ್ಲಿ ಫ್ರಾನ್ಸ್ ಎಂದೂ 1880ರಲ್ಲಿ ಜರ್ಮನಿ ಎಂದೂ ನಮೂದಾಗಿದ್ದರೆ, ವಂಶಾವಳಿ ಹುಡುಕುವವರು ಇವರು ಇಬ್ಬರು ಬೇರೆ ಬೇರೆ ಮನುಷ್ಯರೆಂದು ಒಂದು ಹಾಳೆಯನ್ನು ಬದಿಗಿಡುವುದುಂಟು. ನನ್ನ ಅನುಮಾನ ಮೊದಲು ಹೋಗುವುದು ಅಲ್ಸೇಸಿನ ಕಡೆಗೆ. ರೈನ್ ನದಿಯ ಎಡದಂಡೆಯ ಈ ಸೀಮೆ 1871ರಲ್ಲಿ ಫ್ರಾನ್ಸಿನಿಂದ ಜರ್ಮನಿಗೆ ಹೋಗಿ, ಮೊದಲ ಮಹಾಯುದ್ಧದ ಕೊನೆಗೆ ಮರಳಿ ಬಂತು.

ಇದೇ ತೊಡಕು ದಾಖಲೆಗಳ ಭಾಷೆಯಲ್ಲೂ ಇದೆ. ಫ್ರೆಂಚ್ ಕ್ರಾಂತಿಗೆ ಮುಂಚಿನ ಕ್ಯಾಥೊಲಿಕ್ ಚರ್ಚ್ ಪುಸ್ತಕಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲಿಯೂ ಲೂಥರನ್ ಪುಸ್ತಕಗಳು ಜರ್ಮನ್‌ನಲ್ಲಿಯೂ ಇವೆ. 1792ರಲ್ಲಿ ಜನನ, ಮದುವೆ, ಮರಣಗಳ ನೋಂದಣಿ ಸರ್ಕಾರದ ಕೈಗೆ ಬಂದ ಮೇಲೆ ಬಹುಪಾಲು ಫ್ರೆಂಚ್ ಬಳಕೆಯಾಯಿತು. 1871ರ ನಂತರ ಮತ್ತೆ ಜರ್ಮನ್. ಹೀಗಾಗಿ ಯೋಹಾನೆಸ್, ಫ್ರೆಂಚಿನ ಜಾನ್ (Jean) ಎಂಬೆರಡು ಹೆಸರುಗಳ ಹಿಂದೆ ಒಬ್ಬನೇ ರೈತ ಇರಬಹುದು. ಅವನು ಮನೆಯಲ್ಲಿ ಆಡುತ್ತಿದ್ದುದು ಬಹುಮಟ್ಟಿಗೆ ಅಲೆಮಾನಿಕ್ ಬಗೆಯ ಜರ್ಮನಿಕ್ ಉಪಭಾಷೆ. ಯಹೂದಿ ಮನೆಗಳಲ್ಲಿ ಯಿಡ್ಡಿಷ್ ಇತ್ತು, ಓರ್ಬೆಯಂಥ ವೋಜ್ ಬೆಟ್ಟದ ಕಣಿವೆಗಳಲ್ಲಿ ಫ್ರೆಂಚಿಗೆ ಹತ್ತಿರದ ನುಡಿಯಿತ್ತು. ಗುಮಾಸ್ತನ ಭಾಷೆ ನೋಡಿ ಕುಟುಂಬದ ಮೂಲವನ್ನು ನಿರ್ಣಯಿಸುವುದು ಆದ್ದರಿಂದ ಸಲ್ಲದು.

ದಾರಿಯ ವಿಷಯದಲ್ಲಿ ಕಾಲ ಮುಖ್ಯ. 18ನೇ ಶತಮಾನದವರು ರೈನ್ ನದಿಯಲ್ಲಿ ರಾಟರ್‌ಡ್ಯಾಮ್‌ಗಿಳಿದು ಫಿಲಡೆಲ್ಫಿಯಾಕ್ಕೆ ಹಡಗೇರುತ್ತಿದ್ದರು; 1727ರಿಂದ ಪೆನ್ಸಿಲ್ವೇನಿಯಾ ವಲಸಿಗರಿಂದ ನಿಷ್ಠೆಯ ಪ್ರಮಾಣ ತೆಗೆದುಕೊಂಡು ಇಟ್ಟ ಪಟ್ಟಿಗಳು ಇಂದಿಗೂ ಲಭ್ಯ. 19ನೇ ಶತಮಾನದಲ್ಲಿ ಹೆಚ್ಚಿನವರು ಹಿಡಿದದ್ದು ಫ್ರಾನ್ಸಿನ ಲ ಆವ್ರ್ ಬಂದರು. ಅದಕ್ಕೆ ಕಾರಣ ಹತ್ತಿ. ಅಮೆರಿಕದ ಹತ್ತಿ ಅಲ್ಲಿ ಇಳಿದು ಬಂಡಿಗಳಲ್ಲಿ ಅಲ್ಸೇಸಿನ ಗಿರಣಿಗಳಿಗೆ ಬರುತ್ತಿತ್ತು. ಖಾಲಿ ಮರಳುವ ಬಂಡಿಗಳೂ ಹಡಗುಗಳೂ ಜನರನ್ನು ಅಗ್ಗದಲ್ಲಿ ಒಯ್ಯುತ್ತಿದ್ದವು. ಹತ್ತಿಯ ಹಡಗು ಹೊರಟ ಊರು ನ್ಯೂ ಆರ್ಲಿಯನ್ಸ್ ಆಗಿದ್ದರೆ ವಲಸಿಗನೂ ಅಲ್ಲಿಯೇ ಇಳಿದು, ಮಿಸಿಸಿಪ್ಪಿಯ ಹಬೆದೋಣಿಯಲ್ಲಿ ಸೇಂಟ್ ಲೂಯಿಸ್ ಕಡೆಗೆ ಹೋಗಿರುವ ಸಾಧ್ಯತೆ ಉಂಟು. 1844ರಲ್ಲಿ ಆನ್ರಿ ಕಾಸ್ಟ್ರೊ ಟೆಕ್ಸಾಸಿನಲ್ಲಿ ಕಟ್ಟಿದ ಕಾಸ್ಟ್ರೊವಿಲ್‌ಗೆ ಬಂದ ಅಲ್ಸೇಷಿಯನ್ನರ ನುಡಿ ಅಲ್ಲಿ ತಲೆಮಾರುಗಳವರೆಗೆ ಉಳಿದಿತ್ತು. 1850ರಲ್ಲಿ ಬಂದವರನ್ನು ನ್ಯೂಯಾರ್ಕ್ ಬಂದರಿನ ವಲಸಿಗರ ತಪಾಸಣಾ ಕೇಂದ್ರವಾದ ಎಲ್ಲಿಸ್ ಐಲೆಂಡ್‌ನ ಪಟ್ಟಿಗಳಲ್ಲಿ ಹುಡುಕುವವರನ್ನು ಈಗಲೂ ಕಾಣುತ್ತೇನೆ. ಆ ಕೇಂದ್ರ ತೆರೆದದ್ದೇ 1892ರಲ್ಲಿ.

ಹಡಗಿಗಿಂತ ಮೊದಲು ಹುಡುಕಬೇಕಾದದ್ದು ಹಳ್ಳಿಯ ಹೆಸರು, ಏಕೆಂದರೆ ಅಲ್ಸೇಸಿನ ಪುಸ್ತಕಗಳು ಊರುವಾರಾಗಿವೆ. ಅದು ಅಮೆರಿಕದ ಪೌರತ್ವದ ಕಾಗದಕ್ಕಿಂತ ಅಲ್ಲಿನ ಚರ್ಚಿನ ಮದುವೆ ದಾಖಲೆಯಲ್ಲಿ, ಕೆಲವೊಮ್ಮೆ ಗೋರಿಕಲ್ಲಿನ ಮೇಲೆ ಸಿಗುವ ಸಂಭವ ಹೆಚ್ಚು. ಊರು ತಿಳಿದ ಮೇಲೆ ಹತ್ತು ವರ್ಷಕ್ಕೊಂದರಂತೆ ತಯಾರಾದ ಹೆಸರಿನ ಸೂಚಿಗಳಿಂದ ಶುರುಮಾಡಬಹುದು. 1805ರ ಅಂತ್ಯದವರೆಗೆ ಬಳಕೆಯಲ್ಲಿದ್ದ ಫ್ರೆಂಚ್ ಕ್ರಾಂತಿಕಾಲದ ಗಣರಾಜ್ಯದ ಪಂಚಾಂಗದ ದಿನಾಂಕಗಳನ್ನು ಮಾತ್ರ ಬದಲಿಸಿಕೊಳ್ಳಬೇಕಾಗುತ್ತದೆ.