ಹಿತ್ತಲ ಮಾವಿನ ಮರಕ್ಕೆ ಹೆಸರಿದೆಯೇ?

ಪುತ್ತೂರಿನಲ್ಲಿ ನಾವು ತೆಗೆದುಕೊಂಡ ಹಳೆ ಮನೆಯ ಹಿತ್ತಲಲ್ಲಿ, ಬಾವಿಕಟ್ಟೆಗೆ ತಾಗಿಕೊಂಡೇ ಒಂದು ಮಾವಿನ ಮರ ಇದೆ. ಯಾವ ಜಾತಿ ಅಂತ ಮನೆ ಮಾರಿದವರಿಗೂ ಗೊತ್ತಿರಲಿಲ್ಲ. ಕಾಯಿ ನೋಡಿ ಪಕ್ಕದ ಮನೆಯವರು ಮುಂಡಪ್ಪ ಅಂದರು, ಕಾಯಿ ಕೀಳಲು ಬಂದವರು ಬಾದಾಮಿಯೇ ಅಂದರು. ಫೋನಿನ ಆ್ಯಪ್ 'ಮಾವು' ಅಂತ ಮಾತ್ರ ಹೇಳಿತು. ಬಾದಾಮಿ, ತೋತಾಪುರಿ, ಗೊರಟಿನಿಂದ ತಾನಾಗಿ ಬೆಳೆಯುವ ಕಾಟು ಮಾವು ಎಲ್ಲವೂ ಒಂದೇ ಪ್ರಭೇದ, ಮ್ಯಾಂಜಿಫೆರಾ ಇಂಡಿಕಾ. ಎಲೆಯ ಫೋಟೊ ಒಂದರಿಂದ ತಳಿ ಹೇಳೋದು ಕಷ್ಟ.

ಹಣ್ಣಿಗಿಂತ ಮೊದಲು ಮರದ ಬುಡ ನೋಡಬೇಕು. ಕಸಿ ಮರವಾದರೆ, ಅಂದರೆ ಒಂದು ಸಸಿಯ ಬುಡಕ್ಕೆ ಇನ್ನೊಂದು ಮರದ ಕಡ್ಡಿ ಜೋಡಿಸಿ ಬೆಳೆಸಿದ್ದಾದರೆ, ನೆಲದಿಂದ ಒಂದು ಗೇಣು, ಒಂದು ಮೊಳದ ಒಳಗೆ ಎಲ್ಲೋ ಒಂದು ಗಂಟು ಇರುತ್ತದೆ, ಇಲ್ಲವೇ ಅದರ ಮೇಲಿನ ತೊಗಟೆ ಒಂದು ಥರ, ಕೆಳಗಿನದು ಇನ್ನೊಂದು ಥರ ಇರುತ್ತದೆ. ತುಂಬಾ ಹಳೆಯ ಮರದಲ್ಲಿ ಈ ಗುರುತು ಮಾಸಿಹೋಗಿರಬಹುದು. ಆದರೂ ನೋಡಲೇಬೇಕು, ಯಾಕಂದ್ರೆ ಇಡೀ ಪ್ರಶ್ನೆ ನಿಂತಿರೋದೇ ಇದರ ಮೇಲೆ. ಬಾದಾಮಿ ಅಂದರೆ ಯಾವುದೋ ಕಾಲದ ಒಂದು ಮರದ ಕಡ್ಡಿಯನ್ನು ಕಸಿ ಮಾಡುತ್ತಾ, ಅದರ ಕಡ್ಡಿಯನ್ನು ಮತ್ತೆ ಕಸಿ ಮಾಡುತ್ತಾ ಉಳಿಸಿಕೊಂಡು ಬಂದ ಒಂದೇ ಜೀವ. ಬಾದಾಮಿಯ ಗೊರಟು ನೆಟ್ಟರೆ ಬಾದಾಮಿ ಬರೋದಿಲ್ಲ. ನೊಣಗಳು ಎಲ್ಲಿಂದಲೋ ತಂದ ಪರಾಗ ಅದರಲ್ಲಿ ಸೇರಿರುತ್ತದೆ, ಅರ್ಧ ಗುಣ ಆ ಇನ್ನೊಂದು ಮರದ್ದು. ಹಾಗೆ ಹುಟ್ಟಿದ ಪ್ರತಿಯೊಂದು ಮರವೂ ಹೊಸದು.

ನಮ್ಮ ಅಮ್ಮನ ಮನೆಯಲ್ಲಿ ಇದರದ್ದೇ ಇನ್ನೊಂದು ಕಥೆ ಇದೆ. ನರ್ಸರಿಯಿಂದ ಬಾದಾಮಿ ಅಂತ ತಂದ ಗಿಡ ವರ್ಷಗಟ್ಟಲೆ ಸಾಕಿದ ಮೇಲೆ ಹುಳಿ ಹುಳಿ, ಬರೀ ನಾರಿನ ಹಣ್ಣು ಕೊಟ್ಟಿತು. ಎಲ್ಲರೂ ನರ್ಸರಿಯವರು ಮೋಸ ಮಾಡಿದರು ಅಂದುಕೊಂಡೆವು. ಆಮೇಲೆ ಅಮ್ಮನಿಗೆ ನೆನಪಾಯಿತು, ಮೊದಲ ಬೇಸಿಗೆಯಲ್ಲೇ ಗಿಡ ಒಣಗಿ, ಮಳೆಗೆ ಬುಡದಿಂದ ಮತ್ತೆ ಚಿಗುರಿತ್ತಂತೆ. ಒಣಗಿದ್ದು ಬಾದಾಮಿಯ ಕಡ್ಡಿ, ಚಿಗುರಿದ್ದು ಕಸಿಗೆ ಬಳಸಿದ ಕಾಟು ಮಾವಿನ ಸಸಿ! ಕಸಿ ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಬೇಕು ಅನ್ನೋದು ಇದಕ್ಕೇ.

ಕಸಿ ಮರ ಅಂತ ಖಾತ್ರಿಯಾದರೆ ಕೆಲಸ ಸುಲಭ. ತೋತಾಪುರಿಗೆ ಗಿಣಿಯ ಕೊಕ್ಕಿನಂಥ ತುದಿ, ಮಲಗೋವಾ ಗುಂಡಗೆ ದಪ್ಪ, ಬಾದಾಮಿ ಬೇಗ ಹಣ್ಣಾದರೆ ನೀಲಂ ಎಲ್ಲ ಮುಗಿಯುವ ಹೊತ್ತಿಗೆ ಬರುತ್ತದೆ. ಗೊರಟು ತೊಳೆದು ಒಣಗಿಸಿ ನೋಡಿದರೆ ನಾರಿನ ಉದ್ದ, ಗೊರಟಿನ ದಪ್ಪ ಗೊತ್ತಾಗುತ್ತದೆ. ಮಲ್ಲಿಕಾದ್ದು ತೆಳ್ಳಗಿರುತ್ತದೆ. ಬಣ್ಣ ಮಾತ್ರ ನಂಬಬೇಡಿ, ಬಿಸಿಲು ಬಿದ್ದ ಕಡೆ ಅದೇ ಮರದ ಹಣ್ಣು ಬೇರೆ ಕಾಣುತ್ತದೆ.

ನಮ್ಮ ಮರದ ಬುಡದಲ್ಲಿ ಗಂಟು ಸಿಗಲಿಲ್ಲ. ಹಾಗಾದರೆ ಕಾಟು ಅಂತ ಬಿಟ್ಟುಬಿಡೋಣ ಅಂದರೆ, ಕರಾವಳಿಯಲ್ಲಿ ಅಷ್ಟು ಸುಲಭ ಅಲ್ಲ. ನಮ್ಮ ಕಡೆಯ ಬಪ್ಪಕ್ಕಾಯಿ, ಕೇರಳದ ಚಂದ್ರಕಾರನ್‌ನಂಥ ಕೆಲವು ಮಾವುಗಳ ಒಂದೇ ಗೊರಟಿನಿಂದ ಎರಡು ಮೂರು ಮೊಳಕೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ತಾಯಿಯ ತದ್ರೂಪ. ಅಂಥ ಮರ ಕಸಿ ಇಲ್ಲದೆಯೂ ಹೆಸರಿರುವ ತಳಿಯೇ ಆಗಿರಬಹುದು. ಅದಕ್ಕೆ ಹಣ್ಣು ತಿಂದು ಹನ್ನೆರಡು ಗೊರಟು ಒಣಗಲು ಬಿಡದೆ ಮಣ್ಣಿನ ಚೀಲಗಳಿಗೆ ಹಾಕಿದೆ. ಸುಮಾರು ಮೂರು ವಾರಕ್ಕೆ ತಾಮ್ರದ ಬಣ್ಣದ ಎಲೆ ಹೊತ್ತು ಮೇಲೆ ಬಂದವು. ಒಂಬತ್ತು ಹುಟ್ಟಿದವು, ಎಲ್ಲ ಚೀಲದಲ್ಲೂ ಒಂದೇ ಮೊಳಕೆ. ಅಂದರೆ ನಮ್ಮದು ಬಪ್ಪಕ್ಕಾಯಿಯಂಥ ಮಾವಲ್ಲ, ಗೊರಟಿನಿಂದ ಹುಟ್ಟಿದ, ಹೆಸರಿಲ್ಲದ ಹೊಸ ಮರವೇ ಇರಬೇಕು.

ಡಿಎನ್ಎ ಪರೀಕ್ಷೆಯೂ ಇದೆ. ಆದರೆ ಅದು ಸಂಗ್ರಹದಲ್ಲಿರುವ ತಳಿಗಳ ಜೊತೆ ಹೋಲಿಸಿಯೇ ಹೆಸರು ಹೇಳಬೇಕು. ಇದೊಂದೇ ಮರ ಇರುವಾಗ ಹೋಲಿಸೋದು ಯಾವುದರ ಜೊತೆ, ಅಲ್ವಾ? ಮಲೆನಾಡಿನವರು ಅಪ್ಪೆಮಿಡಿ ಮರಗಳಿಗೆ ಊರಿನ, ಮನೆಯವರ ಹೆಸರನ್ನೇ ಇಟ್ಟದ್ದು ಎಷ್ಟು ಸರಿ ಅಂತ ನನಗೆ ಈಗ ಅರ್ಥವಾಗುತ್ತಿದೆ. ನಾವೂ ಇದನ್ನು ಬಾವಿಕಟ್ಟೆ ಮಾವು ಅಂತ ಕರೆಯುತ್ತಿದ್ದೇವೆ. ಮಳೆ ಹಿಡಿದ ಮೇಲೆ ಅದರದ್ದೇ ಕಡ್ಡಿ ತಂದು ಆ ಒಂಬತ್ತು ಮೊಳಕೆಗಳಿಗೆ ಕಸಿ ಕಟ್ಟಿದೆ. ಆರು ಹಿಡಿದಿವೆ. ಒಂದನ್ನು ಪಕ್ಕದ ಮನೆಯವರು ಆಗಲೇ ಕೇಳಿದ್ದಾರೆ.