ನಿಂತಲ್ಲೇ ನಿಂತು ಸೋಲಿಸುವ ಕಾಕಾ

ಪ್ರಶ್ನೆ: ನಾನು ಪುಣೆಯ ವಾಕಡ್‌ನಲ್ಲಿದ್ದೇನೆ. ವಯಸ್ಸು 34. ಎಂಟು ತಿಂಗಳಿಂದ ನಮ್ಮ ಹೌಸಿಂಗ್ ಸೊಸೈಟಿಯ ಕೋರ್ಟ್‌ನಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದೇನೆ. ಸ್ಮ್ಯಾಶ್ ಜೋರಾಗಿಯೇ ಹೊಡೆಯುತ್ತೇನೆ. ಆದರೂ 62 ವರ್ಷದ ಕಾಕಾ ಒಬ್ಬರು ನಿಂತಲ್ಲೇ ನಿಂತು ನನ್ನನ್ನು ಸೋಲಿಸುತ್ತಾರೆ. ದುಬಾರಿ ರಾಕೆಟ್ ಕೊಳ್ಳಲೇ? ಕೋಚಿಂಗ್ ಸೇರಲೇ?

ಉತ್ತರ: ಇಂಥ ಕಾಕಾ ಪುಣೆಯ ಬಹುತೇಕ ಸೊಸೈಟಿಗಳಲ್ಲಿ ಒಬ್ಬರಿರುತ್ತಾರೆ. ಕೋಥ್ರೂಡ್‌ನ ನಮ್ಮ ಸೊಸೈಟಿಯಲ್ಲೂ ಇದ್ದಾರೆ. ಮಂಡಿಗೆ ನೀ-ಕ್ಯಾಪ್, ತಲೆಗೆ ಟೋಪಿ, ಕೈಯಲ್ಲಿ ಬಣ್ಣ ಹೋದ ರಾಕೆಟ್. ಮೂರು ವರ್ಷ ಅವರ ಕೈಯಲ್ಲಿ ಸೋತವನು ನಾನು. ಉತ್ತರ ಕೊಡಲು ಅಷ್ಟು ಅರ್ಹತೆ ಸಾಕು ಅಂದುಕೊಳ್ಳುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಕಾಕಾ ಬೇರೆಯವರ ಜೊತೆ ಆಡುವಾಗ ಪಕ್ಕದಲ್ಲಿ ಕೂತು ಬರೀ ಅವರ ಕಾಲು ನೋಡಿ. ಕಣ್ಣು ಶಟಲ್ ಹಿಂದೆಯೇ ಓಡುತ್ತದೆ, ಎಳೆದು ತನ್ನಿ. ಐದು ನಿಮಿಷದಲ್ಲಿ ಗುಟ್ಟು ಗೊತ್ತಾಗುತ್ತದೆ. ಅವರು ನಿಂತಲ್ಲೇ ನಿಂತಿರುವುದಿಲ್ಲ. ಪ್ರತಿ ಹೊಡೆತ ಆದ ಮೇಲೆ ಸದ್ದಿಲ್ಲದೆ ನಡುವಿಗೆ ವಾಪಸ್ ಬಂದಿರುತ್ತಾರೆ. ನಾವಾದರೆ ಹೊಡೆದ ಜಾಗದಲ್ಲೇ ನಿಂತು, ಎಂಥಾ ಹೊಡೆತ ಹೊಡೆದೆ ಅಂತ ನೋಡುತ್ತಿರುತ್ತೇವೆ, ಅಲ್ವಾ?

ಲೆಕ್ಕ ಹಾಕಿ. ಸಿಂಗಲ್ಸ್‌ನಲ್ಲಿ ನಿಮ್ಮ ಪಾಲಿನ ಕೋರ್ಟ್ 6.70 ಮೀಟರ್ ಉದ್ದ, 5.18 ಮೀಟರ್ ಅಗಲ. ಸರಿಯಾಗಿ ನಡುವೆ ನಿಂತರೆ ಯಾವ ಮೂಲೆಯೂ ಸುಮಾರು 4.2 ಮೀಟರ್ ದೂರ. ಚಾಚಿದ ಕೈ, ರಾಕೆಟ್ ಎರಡನ್ನೂ ಕಳೆದರೆ ಎರಡು ಮೂರು ಹೆಜ್ಜೆ. ಅದೇ ಹಿಂದಿನ ಎಡಮೂಲೆಯಲ್ಲಿ ಉಳಿದುಬಿಟ್ಟರೆ ಮುಂದಿನ ಬಲಮೂಲೆ ಸುಮಾರು 8.5 ಮೀಟರ್ ಆಯಿತು. ಕಾಕಾ ಅಲ್ಲಿಗೆ ಮೆತ್ತಗೆ ಒಂದು ಡ್ರಾಪ್ (ನೆಟ್ ದಾಟಿದ ಕೂಡಲೇ ಬೀಳುವ ಹೊಡೆತ) ಹಾಕಿದರೆ ಕಥೆ ಮುಗೀತು.

ಇನ್ನೊಂದು ಚಿಕ್ಕ ವಿಷಯವೂ ಕಾಣುತ್ತದೆ. ಎದುರಾಳಿ ಹೊಡೆಯುವ ಹೊತ್ತಿಗೆ ಕಾಕಾ ಚೂರೇ ಚೂರು ಜಿಗಿದು ಕಾಲು ಅಗಲಿಸಿ ಇಳಿಯುತ್ತಾರೆ. ಹಿಮ್ಮಡಿ ನೆಲಕ್ಕೆ ಊರಿರುವುದಿಲ್ಲ. ಕಬಡ್ಡಿಯಲ್ಲಿ ರೈಡರ್ ಒಳಗೆ ಬಂದಾಗ ಹಿಡಿಯುವವರು ಹಿಮ್ಮಡಿ ಊರಿ ನಿಲ್ಲುತ್ತಾರಾ? ಅದೇ ಥರ. ಈ ಜಿಗಿತ ಇಲ್ಲದಿದ್ದರೆ ಶಟಲ್ ಎಲ್ಲಿಗೆ ಬರುತ್ತಿದೆ ಅಂತ ಗೊತ್ತಾದರೂ ಕಾಲು ಏಳುವುದಿಲ್ಲ.

ಈಗ ಕೈ ವಿಚಾರ. ನನಗೆ ಜಾಸ್ತಿ ಕಾಡಿದ್ದು ಇದೇ. ನಾನು ಶಿವಮೊಗ್ಗ ಕಡೆಯವನು, ಶಾಲೆಯಲ್ಲಿ ಆಡಿದ್ದು ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆಯ ಆ ಚೆಂಡು 27-28 ಗ್ರಾಂ ತೂಗುತ್ತದೆ. ಶಟಲ್ ಐದು ಗ್ರಾಂ ಆಸುಪಾಸು. ಐದು ಪಟ್ಟು ಭಾರದ ಚೆಂಡಿಗೆ ಬೇಕಾದ ಬಿಗಿ ಹಿಡಿತವನ್ನೇ ನಾನು ಶಟಲ್ ಆಟಕ್ಕೂ ತಂದಿದ್ದೆ. (ಬ್ರಿಟಿಷ್ ಅಧಿಕಾರಿಗಳು ಪುಣೆಯ ದಂಡುಪ್ರದೇಶದಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದಾಗ ಆಟದ ಹೆಸರೇ 'ಪೂನಾ'. ಗಾಳಿ ಜೋರಾದರೆ ಶಟಲ್ ಬಿಟ್ಟು ಉಣ್ಣೆ ಚೆಂಡಿನಲ್ಲಿ ಆಡುತ್ತಿದ್ದರಂತೆ. ಜೂನ್ ತಿಂಗಳಲ್ಲಿ ಬಯಲು ಕೋರ್ಟ್‌ನಲ್ಲಿ ಆಡಿದವರಿಗೆ ಯಾಕೆ ಅಂತ ಕೇಳಬೇಕಾಗಿಲ್ಲ.)

ಹೊಸಬರಲ್ಲಿ ಹೆಚ್ಚಿನವರು ರಾಕೆಟ್ ಹಿಡಿಯುವುದು ಸೊಳ್ಳೆ ಬ್ಯಾಟ್ ಹಿಡಿದ ಹಾಗೆ. ಬಲೆ ಪೂರ್ತಿ ಎದುರಿಗೆ, ಮುಷ್ಟಿ ಬಿಗಿ. ಇದರಲ್ಲಿ ಮುಂಗೈ ತಿರುಗುವುದೇ ಇಲ್ಲ. ಹೊಡೆತಕ್ಕೆ ಬಲ ಬರಲು ಬರೀ ತೋಳು ಬೀಸಿದರೆ ಸಾಲದು, ಮುಂಗೈಯೂ ತಿರುಗಬೇಕು. ಚಾಕು ಹಿಡಿದ ಹಾಗೆ ಹಿಡಿಯಿರಿ, ರಾಕೆಟ್‌ನ ಅಂಚು ನೆಲ ನೋಡಲಿ. ಬ್ಯಾಕ್‌ಹ್ಯಾಂಡ್‌ಗೆ ಹೆಬ್ಬೆರಳನ್ನು ಹಿಡಿಯ ಅಗಲ ಭಾಗಕ್ಕೆ ಒತ್ತಿ. ಎಷ್ಟು ಸಡಿಲ ಅಂದರೆ, ಮನೆಯವರು ಬಂದು ಎಳೆದರೆ ರಾಕೆಟ್ ಜಾರಿ ಅವರ ಕೈಗೆ ಹೋಗಬೇಕು. ಶಟಲ್ ತಾಗುವ ಕ್ಷಣಕ್ಕೆ ಮಾತ್ರ ಬೆರಳು ಬಿಗಿ. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಮುಂಚೆ ಟಪ್ ಅಂತ ಕೊಡವುತ್ತೇವಲ್ಲ, ಆ ಕೈ ಬೇಕು. ಮೊದಲಿನಿಂದಲೂ ಬಿಗಿ ಹಿಡಿದು ಬಟ್ಟೆ ಕೊಡವಿ ನೋಡಿ, ಸದ್ದೇ ಬರುವುದಿಲ್ಲ.

ನಿಮ್ಮ ಸ್ಮ್ಯಾಶ್ ಬಗ್ಗೆ ಬೇಜಾರಿನ ಮಾತು ಹೇಳಲೇಬೇಕು. ಶಟಲ್‌ಗೆ ಗಾಳಿಯ ತಡೆ ಜಾಸ್ತಿ. ರಾಕೆಟ್ ಬಿಟ್ಟ ತಕ್ಷಣ ಅದರ ವೇಗ ಇಳಿಯತೊಡಗುತ್ತದೆ. 2023ರಲ್ಲಿ ಭಾರತದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ದಾಖಲೆ ಮಾಡಿದರು. ಅದು ರಾಕೆಟ್ ಬಿಟ್ಟ ಕ್ಷಣದ ವೇಗ. ನಾವು ಕೋರ್ಟ್‌ನ ಹಿಂದಿನ ಗೆರೆಯಿಂದ ಹೊಡೆದರೆ ಶಟಲ್ ಕಾಕಾ ಹತ್ತಿರ ಹೋಗುವಷ್ಟರಲ್ಲಿ ಸುಸ್ತಾಗಿರುತ್ತದೆ. ಹೊಡೆದ ನಾವೂ ಸುಸ್ತು. ಪ್ರಕಾಶ್ ಪಡುಕೋಣೆ 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಎದುರಿಸಿದ್ದು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು, ಹಾರಿ ಹೊಡೆಯುವ ಸ್ಮ್ಯಾಶ್‌ಗೆ ಹೆಸರಾದವರನ್ನು. ಪ್ರಕಾಶ್ ಗೆದ್ದದ್ದು 15-3, 15-10ರಲ್ಲಿ. ಅವರ ಬಲ ಇದ್ದದ್ದು ಮೆದು ಕೈಯಲ್ಲಿ, ಎದುರಾಳಿಯ ಓಟ ಕೆಡಿಸುವ ಜಾಣತನದಲ್ಲಿ.

ಹಾಗಾಗಿ ಒಂದು ತಿಂಗಳು ಸ್ಮ್ಯಾಶ್ ಬಿಡಿ. ಮೇಲೆ ಬಂದದ್ದನ್ನೆಲ್ಲ ಎತ್ತರವಾಗಿ ಹಿಂದಿನ ಗೆರೆಗೆ ಕಳಿಸಿ. ಶಟಲ್ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ನಡುವಿಗೆ ಬರಲು ನಿಮಗೆ ಟೈಮ್ ಸಿಗುತ್ತದೆ. ಈ ತಿಂಗಳು ನೀವು ಇನ್ನೂ ಹೆಚ್ಚು ಸೋಲುತ್ತೀರಿ. ಜೊತೆಯವರು ಏನಾಯ್ತು ಅಂತ ಕೇಳುತ್ತಾರೆ. ಕೇಳಲಿ.

ಸೋತ ಪಾಯಿಂಟ್‌ಗಳನ್ನು ಎಣಿಸಿ. ಕಾಕಾ 21 ಮಾಡಿದರಲ್ಲ, ಅದರಲ್ಲಿ ಅವರು ಸಂಪಾದಿಸಿದ್ದೆಷ್ಟು, ನೀವು ನೆಟ್‌ಗೆ ಹೊಡೆದು, ಹೊರಗೆ ಹೊಡೆದು, ಸರ್ವ್ ಕೆಡಿಸಿ ಕೊಟ್ಟದ್ದೆಷ್ಟು? ಮೊದಲ ಸಲ ಎಣಿಸಿದಾಗ ನಾನು ಕೊಟ್ಟದ್ದು 14 ಇತ್ತು. ಅವತ್ತಿನಿಂದ ಕಾಕಾ ಮೇಲಿನ ಸಿಟ್ಟು ಹೋಯಿತು, ಪಾಪ ಅವರು ಬರೀ ಏಳು ಪಾಯಿಂಟ್‌ಗೆ ಬೆವರು ಸುರಿಸಿದ್ದರು. ಇನ್ನೊಂದೂ ಗೊತ್ತಾಯಿತು. ಆಟ 16-16 ದಾಟಿದ ಮೇಲೆ ಈ ತಪ್ಪುಗಳು ಇನ್ನೂ ಹೆಚ್ಚುತ್ತಿದ್ದವು. ಗೆಲ್ಲಬೇಕು ಅನ್ನಿಸಿದ ಕೂಡಲೇ ಮುಷ್ಟಿ ತಾನಾಗಿ ಬಿಗಿಯಾಗುತ್ತಿತ್ತು. ಈಗ ಸರ್ವ್‌ಗೆ ಮುಂಚೆ ರಾಕೆಟ್ಟನ್ನು ಎಡಗೈಗೆ ಕೊಟ್ಟು ಬಲಗೈ ಒಮ್ಮೆ ಝಾಡಿಸುತ್ತೇನೆ. ನೋಡುವವರಿಗೆ ನಾಟಕ ಅನ್ನಿಸಬಹುದು.

ರಾಕೆಟ್ ವಿಷಯ ಚುಟುಕಾಗಿ. ಈಗ ಇರುವುದೇ ಸಾಕು. ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಬ್ಯಾಡ್ಮಿಂಟನ್ ಶೂ ತೆಗೆದುಕೊಳ್ಳಿ. ಓಡುವ ಶೂಗಳ ಅಡಿ ದಪ್ಪ, ಪಕ್ಕಕ್ಕೆ ಕಾಲಿಟ್ಟಾಗ ಹೊರಳುತ್ತವೆ. ನಾನು ಕಾಲು ಉಳುಕಿಸಿಕೊಂಡು ಮೂರು ವಾರ ಮನೆಯಲ್ಲಿ ಕೂತದ್ದು ಹಾಗೆಯೇ.

ಕೋಚಿಂಗ್‌ಗೆ ಮುಂಚೆ ಕಾಕಾ ಹತ್ತಿರ ಹೋಗಿ, "ಕಾಕಾ, ದಹಾ ಮಿನಿಟ ಶಿಕವಾ ನಾ" (ಹತ್ತು ನಿಮಿಷ ಹೇಳಿಕೊಡಿ) ಅನ್ನಿ. ನಾನು ಕೇಳಿದ ದಿನ ನಮ್ಮ ಕಾಕಾ ಹತ್ತು ನಿಮಿಷ ಅಂತ ಶುರು ಮಾಡಿ ಮುಕ್ಕಾಲು ಗಂಟೆ ಬಿಡಲಿಲ್ಲ, ಕಾಕೂ ಫೋನ್ ಮಾಡಿ ಕರೆಯಬೇಕಾಯಿತು. ಎರಡು ತಿಂಗಳಾದ ಮೇಲೂ ಶಟಲ್ ಹಿಂದಿನ ಗೆರೆ ಮುಟ್ಟದಿದ್ದರೆ ಕೋಚಿಂಗ್ ಸೇರಿ. ದುಡ್ಡು ಕಟ್ಟುವ ಮುಂಚೆ ಒಂದು ಕ್ಲಾಸ್ ಕೂತು ನೋಡಿ. ಹೊಸಬರಿಗೆ ಮೊದಲ ದಿನವೇ ಸ್ಮ್ಯಾಶ್ ಹೇಳಿಕೊಡುತ್ತಿದ್ದರೆ ಬೇರೆ ಕಡೆ ಹುಡುಕಿ.