ಇಸಿಜಿಯ ಕಣ್ಣು ತಪ್ಪಿಸುವ ಬಡಿತ

‘ಇಸಿಜಿ ನಾರ್ಮಲ್ ಇದೆ’ ಎಂಬ ಮಾತು ಕೇಳಿ ನಿರಾಳವಾಗಿ ಮನೆಗೆ ಮರಳುವವರಲ್ಲಿ ಕೆಲವರು ಅಲ್ಲಿಗೇ ನಿಲ್ಲಬಾರದು. ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತುವಾಗ ಕಣ್ಣು ಕತ್ತಲೆ ಬಂದವರು, ಉಂಡು ಕುಳಿತಿದ್ದಾಗ ಎದೆ ಒಮ್ಮೆಲೇ ಡವಗುಟ್ಟಿ ಕಾಲು ಗಂಟೆಯಲ್ಲಿ ಸರಿಹೋದವರು ಅಂಥವರು. ಬಸ್ಸು ಹಿಡಿದು ಉಡುಪಿಗೋ ಮಂಗಳೂರಿಗೋ ಬಂದು ಆಸ್ಪತ್ರೆಯ ಮಂಚದ ಮೇಲೆ ಮಲಗುವ ಹೊತ್ತಿಗೆ ಹೃದಯ ಏನೂ ಆಗಿಲ್ಲವೆಂಬಂತೆ ಬಡಿಯುತ್ತಿರುತ್ತದೆ. ಹೃದಯದ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಸಾಮಾನ್ಯ ಇಸಿಜಿ ಬರೆದುಕೊಳ್ಳುವುದು ಸುಮಾರು 10 ಸೆಕೆಂಡುಗಳನ್ನು, ಅಂದರೆ ಹನ್ನೆರಡು ಬಡಿತಗಳನ್ನು. ಹೃದಯವಾದರೋ ದಿನಕ್ಕೆ ಒಂದು ಲಕ್ಷದಷ್ಟು ಬಾರಿ ಬಡಿಯುತ್ತದೆ.

ಹೃದಯಾಘಾತದ ಮಟ್ಟಿಗೆ ಆ 10 ಸೆಕೆಂಡು ಜೀವ ಉಳಿಸಬಲ್ಲದು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸ್‌ಆ್ಯಪ್‌ನಲ್ಲೇ ತಜ್ಞರ ಸಲಹೆ ಸಿಗುವಂತೆ ಮಾಡಿದ್ದು ಇದೇ ಕಾರಣಕ್ಕೆ. ಆದರೆ ಬಡಿತದ ಲಯ ತಪ್ಪುವ ಕಾಯಿಲೆಗಳು ಬಂದು ಹೋಗುವಂಥವು. ಹೃದಯದ ಬಲ ಮೇಲ್ಕೋಣೆಯಲ್ಲಿರುವ ಸೈನಸ್ ನೋಡ್ ಎಂಬ ಪುಟ್ಟ ಅಂಗಾಂಶದಿಂದ ಪ್ರತಿ ಬಡಿತದ ವಿದ್ಯುತ್ ಸಂಕೇತ ಹೊರಡುತ್ತದೆ. ವಯಸ್ಸಾದಂತೆ ಅದು ನಡುನಡುವೆ ಕೆಲವು ಸೆಕೆಂಡು ಸುಮ್ಮನಾಗಬಹುದು. ಮಿದುಳಿಗೆ ರಕ್ತ ಸಾಲದೆ ವ್ಯಕ್ತಿ ಕುಸಿಯುತ್ತಾನೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಮೇಲ್ಕೋಣೆಗಳು ಸಂಕುಚಿಸುವ ಬದಲು ಅದುರತೊಡಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಈ ತೊಂದರೆ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು. ಎಷ್ಟೋ ಮಂದಿಗೆ ಅದು ಬಂದು ಹೋದದ್ದೇ ಗೊತ್ತಾಗುವುದಿಲ್ಲ.

ದಿನವಿಡೀ ಹೃದಯದ ಹಿಂದೆ ಬೀಳಬೇಕೆಂದು ಹೊರಟವರು ಅಮೆರಿಕದ ಮೊಂಟಾನಾದ ವಿಜ್ಞಾನಿ ನಾರ್ಮನ್ ಹೋಲ್ಟರ್. 1940ರ ದಶಕದ ಕೊನೆಯಲ್ಲಿ ಅವರು ಬೆನ್ನಿಗೆ ಕಟ್ಟಿಕೊಂಡ ಯಂತ್ರದ ತೂಕ ಸುಮಾರು 38 ಕಿಲೋ. ಇಂದು ದಿನವಿಡೀ ಇಸಿಜಿ ಬರೆದುಕೊಳ್ಳುವ, ಅವರದೇ ಹೆಸರಿನ ಹೋಲ್ಟರ್ ಯಂತ್ರ ಅಂಗೈಯಲ್ಲಿ ಅಡಗುತ್ತದೆ.

ಹೋಲ್ಟರ್ ಹಾಕುವ ತಂತ್ರಜ್ಞರ ಕೆಲಸದಲ್ಲಿ ನಾಜೂಕಿದೆ. ಎದೆಯ ಕೂದಲು ತೆಗೆದು, ಸ್ಪಿರಿಟ್‌ನಿಂದ ಎಣ್ಣೆ ಬೆವರು ಒರೆಸಿ, ಚರ್ಮವನ್ನು ಸ್ವಲ್ಪ ಉಜ್ಜಿ, ಆಮೇಲೆ ಹೃದಯದ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್‌ಗಳನ್ನು ಅಂಟಿಸುತ್ತಾರೆ. ವೈರುಗಳು ಜಗ್ಗದಂತೆ ಮಡಚಿ ಟೇಪು ಹಾಕುತ್ತಾರೆ. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಇಷ್ಟೆಲ್ಲ ಮಾಡಿದರೂ ಅಂಟು ಬಿಡುತ್ತದೆ. ಅಂಟು ಬಿಟ್ಟ ಕಡೆ ಗೆರೆ ಗೀಚಿದಂತಾಗಿ, ಆ ಅವಧಿಯ ದಾಖಲೆ ನಿರುಪಯುಕ್ತವಾಗುತ್ತದೆ. ಎರಡು ಹೊತ್ತು ಸ್ನಾನ ಮಾಡುವ ನಮ್ಮವರಿಗೆ ಒಂದು ದಿನ ಸ್ನಾನವಿಲ್ಲದೆ ಇರುವುದೂ ಕಷ್ಟ. ಆದರೂ ಇರಬೇಕು.

ಇಲ್ಲಿ ನನಗೆ ಬಹಳ ಮುಖ್ಯವೆನಿಸುವ ಸಂಗತಿಯೊಂದಿದೆ. ಯಂತ್ರ ಹಾಕಿಸಿಕೊಂಡ ದಿನ ರಜೆ ಹಾಕಿ ಮನೆಯಲ್ಲಿ ಮಲಗುವವರು ಬಹಳ. ಹಾಗೆ ಮಾಡಿದರೆ ಪರೀಕ್ಷೆಯ ಅರ್ಧ ಉದ್ದೇಶವೇ ಕೆಡುತ್ತದೆ. ವೈದ್ಯರು ಬೇಡವೆನ್ನದಿದ್ದರೆ ಮೆಟ್ಟಿಲು ಹತ್ತಿ, ಪೇಟೆಗೆ ಹೋಗಿ, ಬೀಡಿ ಕಟ್ಟಿ, ಅಂಗಡಿಯಲ್ಲಿ ಕುಳಿತುಕೊಳ್ಳಿ. ರಾತ್ರಿಯಿಡೀ ಕುಣಿಯುವ ಯಕ್ಷಗಾನ ಕಲಾವಿದರು ಆಟದ ನಡುವೆ ತಲೆ ತಿರುಗಿದ್ದನ್ನು ಮೊದಲೇ ಹೇಳಿದರೆ, ಯಾವ ದಿನ ಯಂತ್ರ ಹಾಕಬೇಕೆಂಬುದನ್ನು ವೈದ್ಯರು ಯೋಚಿಸಬಹುದು. ಪ್ರಜ್ಞೆ ತಪ್ಪಿ ಬಿದ್ದವರು ಮಾತ್ರ ಅಡಿಕೆ ಮರ ಹತ್ತುವುದಾಗಲಿ ವಾಹನ ಓಡಿಸುವುದಾಗಲಿ ಸಲ್ಲದು.

ಜೊತೆಗೆ ಕೊಡುವ ಚೀಟಿಯನ್ನು ತುಂಬಿಸದೆ ಹಿಂದಿರುಗಿಸಬೇಡಿ. ‘ಸಂಜೆ 6.20, ಬಾವಿಯಿಂದ ನೀರು ಸೇದುವಾಗ ತಲೆ ಸುತ್ತು’ ಎಂಬ ಒಂದು ಸಾಲಿದ್ದರೆ, ಆ ನಿಮಿಷದ ಗೆರೆಯನ್ನು ತೆರೆದು ನೋಡಬಹುದು. ಆಗ ಲಯ ತಪ್ಪಿದ್ದರೆ ಕಾರಣ ಸಿಕ್ಕಿತು. ಲಯ ಸರಿಯಿದ್ದರೆ, ತಲೆ ಸುತ್ತಿಗೆ ಕಾರಣವನ್ನು ಬೇರೆಡೆ ಹುಡುಕಬೇಕೆಂದು ತಿಳಿಯುತ್ತದೆ, ಅದೂ ಉತ್ತರವೇ.

ಒಂದು ದಿನ ಸಾಕೇ? ತೊಂದರೆ ನಿತ್ಯ ಬರುವುದಾದರೆ ಸಾಕು. ವಾರಕ್ಕೊಮ್ಮೆ ಬರುವುದಾದರೆ ಎರಡು ವಾರದವರೆಗೆ ಎದೆಗೆ ಅಂಟಿಕೊಂಡು ಬಡಿತ ದಾಖಲಿಸುವ ಪ್ಯಾಚ್ ಮೇಲು. ಕೆನಡಾದಲ್ಲಿ, ಕಾರಣ ತಿಳಿಯದ ಪಾರ್ಶ್ವವಾಯು ಆಗಿದ್ದ 55 ದಾಟಿದವರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 24 ಗಂಟೆಯ ದಾಖಲೆ ಶೇ. 3.2ರಷ್ಟು ಜನರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಪತ್ತೆ ಮಾಡಿತು, 30 ದಿನದ ದಾಖಲೆ ಶೇ. 16.1ರಷ್ಟು ಜನರಲ್ಲಿ. ವರ್ಷಕ್ಕೊಂದೆರಡು ಸಲ ಮಾತ್ರ ಬೀಳುವವರಿಗೆ ಚರ್ಮದಡಿ ಕೂರಿಸುವ ಲೂಪ್ ರೆಕಾರ್ಡರ್ ಎಂಬ ಪುಟ್ಟ ಯಂತ್ರ ಇದೆ. ಅದು ಮೂರು ವರ್ಷದಷ್ಟು ಕಾಲ ಕಾದು ಕುಳಿತಿರಬಲ್ಲದು.

ಈಗ ಕೈಗಡಿಯಾರವೂ ನಾಡಿ ನೋಡುತ್ತದೆ. ಅದರ ಹಸಿರು ಬೆಳಕು ರಕ್ತದ ಏರಿಳಿತವನ್ನು ಅಳೆಯುತ್ತದೆಯೇ ಹೊರತು ಹೃದಯದ ವಿದ್ಯುತ್ತನ್ನಲ್ಲ. ಅಮೆರಿಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದ್ದ ಆ್ಯಪಲ್ ಗಡಿಯಾರದ ಅಧ್ಯಯನದಲ್ಲಿ ನಾಡಿಯ ಲಯ ತಪ್ಪಿದೆಯೆಂಬ ಎಚ್ಚರಿಕೆ ಬಂದವರಿಗೆ ಪ್ಯಾಚ್ ಕಳುಹಿಸಲಾಯಿತು. ಅದನ್ನು ಹಾಕಿಕೊಂಡು ಹಿಂದಿರುಗಿಸಿದವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಕಂಡದ್ದು ಶೇ. 34ರಷ್ಟು ಜನರಲ್ಲಿ. ಗಡಿಯಾರ ತಪ್ಪು ಹೇಳಿತೆಂದು ತೀರ್ಮಾನಿಸಲಾಗದು, ಏಕೆಂದರೆ ಎಚ್ಚರಿಕೆಗೂ ಪ್ಯಾಚ್ ಹಾಕಿದ್ದಕ್ಕೂ ನಡುವೆ ಎರಡು ವಾರದಷ್ಟು ಅಂತರವಿತ್ತು. ನಿಮ್ಮ ಗಡಿಯಾರದಲ್ಲಿ ಇಸಿಜಿ ಸೌಲಭ್ಯವಿದ್ದರೆ, ಎದೆ ಡವಗುಟ್ಟುತ್ತಿರುವಾಗಲೇ ಇನ್ನೊಂದು ಕೈಯ ಬೆರಳಿಟ್ಟು 30 ಸೆಕೆಂಡು ದಾಖಲಿಸಿ, ಆ ಗೆರೆಯನ್ನು ಮೊಬೈಲಿನಲ್ಲಿ ಉಳಿಸಿಕೊಂಡು ವೈದ್ಯರಿಗೆ ತೋರಿಸಿ.